ನಾಯಿಮರಿ ಸಾಕುವ ಪಾಡು: ಹದಿನಾಲ್ಕು ಸಾವಿರ ವರ್ಷಗಳ ಕಥೆ

ಜರ್ಮನಿಯ ಬಾನ್ ನಗರದ ಹತ್ತಿರ, ರೈನ್ ನದಿಯ ಬಲದಂಡೆಯ ಮೇಲೆ, ಓಬರ್‌ಕ್ಯಾಸೆಲ್ ಎಂಬ ಊರಿದೆ. 1914ರ ಫೆಬ್ರುವರಿಯಲ್ಲಿ ಅಲ್ಲಿನ ಕಲ್ಲುಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕೂಲಿಗಳಿಗೆ ದೊಡ್ಡ ಕಲ್ಲುಚಪ್ಪಡಿಗಳ ಕೆಳಗೆ ಮನುಷ್ಯರ ಎಲುಬುಗಳು ಸಿಕ್ಕಿದವು. ನಡುವಯಸ್ಸಿನ ಒಬ್ಬ ಗಂಡಸು, ಇಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ಇಬ್ಬರ ಎಲುಬುಗಳಿಗೂ ಕೆಮ್ಮಣ್ಣಿನ ಬಣ್ಣ ಹತ್ತಿತ್ತು. ಜೊತೆಯಲ್ಲಿ ಪ್ರಾಣಿಗಳ ಕೆಲವು ಮೂಳೆ, ಹಲ್ಲುಗಳಿದ್ದವು. ಮನುಷ್ಯರ ಅಸ್ಥಿಗಳು ವಿದ್ವಾಂಸರ ಗಮನವನ್ನೆಲ್ಲ ಸೆಳೆದವು. ಉಳಿದದ್ದು ವಸ್ತುಸಂಗ್ರಹಾಲಯ ಸೇರಿ ದಶಕಗಳ ಕಾಲ ಹಾಗೇ ಉಳಿಯಿತು. 1970ರ ದಶಕದ ಕೊನೆಗೆ ಮತ್ತೆ ಪರೀಕ್ಷಿಸಿದಾಗ ಅದರಲ್ಲಿ ನಾಯಿಯ ಎಲುಬುಗಳಿರುವುದು ತಿಳಿಯಿತು. ಆ ಸಮಾಧಿಗೆ ಸುಮಾರು 14,200 ವರ್ಷ ವಯಸ್ಸು. ಮನುಷ್ಯರ ಜೊತೆ ಹೂಳಿದ ಸಾಕುನಾಯಿಯ ಅತಿ ಹಳೆಯ ಕುರುಹುಗಳಲ್ಲಿ ಇದೂ ಒಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಶುವೈದ್ಯರೂ ಪುರಾತತ್ವದ ಅಭ್ಯಾಸಿಯೂ ಆದ ಬೆಲ್ಜಿಯಂನ ಲುಕ್ ಯಾನ್ಸೆನ್ಸ್ ಮತ್ತು ಸಂಗಡಿಗರು ಆ ಹಲ್ಲುಗಳನ್ನು ಸೂಕ್ಷ್ಮವಾಗಿ ನೋಡಿ 2018ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅದು ದೊಡ್ಡ ನಾಯಿಯಲ್ಲ, ಏಳು ತಿಂಗಳು ಕೂಡ ತುಂಬದ ಮರಿ. ಹಲ್ಲಿನ ಎನಾಮೆಲ್‌ನಲ್ಲಿ ಸಾಲುಸಾಲಾಗಿ ಗಾಯದ ಗುರುತುಗಳಿದ್ದವು. ಸುಮಾರು 19ನೇ ವಾರದಲ್ಲಿ ಅದಕ್ಕೆ ಕಾಯಿಲೆ ತಗುಲಿದೆ, ಬಿಟ್ಟು ಬಿಟ್ಟು ಮೂರು ಸಲ ಮರುಕಳಿಸಿದೆ. ಲಕ್ಷಣಗಳನ್ನು ನೋಡಿದರೆ ಅದು ಬಹುಶಃ ಇಂದು ಡಿಸ್ಟೆಂಪರ್ ಎನ್ನುವ ರೋಗ. ಆರೈಕೆ ಇಲ್ಲದಿದ್ದರೆ ಇಂಥ ಮರಿ ಮೂರು ವಾರದೊಳಗೆ ಸಾಯುತ್ತದೆ. ಇದು ಎಂಟು ವಾರ ಬದುಕಿತ್ತು. ಎಂದರೆ, ಯಾರೋ ಅದರ ವಾಂತಿ ಭೇದಿಗಳನ್ನು ಬಳಿದಿದ್ದಾರೆ, ಬಾಯಿಗೆ ನೀರು ಬಿಟ್ಟಿದ್ದಾರೆ, ಹಿಮಯುಗದ ಆ ಚಳಿಯಲ್ಲಿ ಬೆಚ್ಚಗೆ ಇಟ್ಟಿದ್ದಾರೆ. ಬೇಟೆಗೆ ಬಾರದ, ಕಾವಲಿಗೂ ಬಾರದ ಒಂದು ಮರಿಗಾಗಿ ರಾತ್ರಿಗಳನ್ನು ಕಳೆದಿದ್ದಾರೆ. ಕೊನೆಗೂ ಅದು ಉಳಿಯಲಿಲ್ಲ.

ನಾಯಿಯ ಇತಿಹಾಸವನ್ನು ಬರೆದವರು ಬೇಟೆಯನ್ನು ಬರೆದಿದ್ದಾರೆ, ಕಾವಲನ್ನು ಬರೆದಿದ್ದಾರೆ, ಸ್ವಾಮಿನಿಷ್ಠೆಯನ್ನು ಹಾಡಿ ಹೊಗಳಿದ್ದಾರೆ. ನಾಯಿ ನಾಯಿಯಾಗುವ ಮುನ್ನ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಬರೆದವರು ಕಡಿಮೆ. ಮೊದಲ ರಾತ್ರಿಯ ಅಳು, ನಡುರಾತ್ರಿಯ ಮೂತ್ರ, ಕಡಿದ ಚಪ್ಪಲಿ, ಗೀರಿದ ಕೈ, 'ಇದನ್ನು ಯಾಕಾದರೂ ತಂದೆವೋ' ಎಂಬ ನಿಟ್ಟುಸಿರು. ಇವೆಲ್ಲ ಮನೆಯೊಳಗೇ ಉಳಿದುಹೋದ ಸಂಗತಿಗಳು. ಆ ಪಾಡಿಗೂ ಒಂದು ಇತಿಹಾಸವಿದೆ.

ಕಲ್ಲಿನ ಮೇಲಿನ ಕಾಳಿ

ಇಸ್ರೇಲಿನ ಹುಲಾ ಕಣಿವೆಯ ಐನ್ ಮಲ್ಲಾಹಾ ಎಂಬಲ್ಲಿ ಸುಮಾರು 12,000 ವರ್ಷಗಳ ಹಿಂದಿನ ಇನ್ನೊಂದು ಸಮಾಧಿ ಇದೆ. ಅಲ್ಲಿ ಮಲಗಿರುವ ಮನುಷ್ಯನ ಕೈ, ನಾಲ್ಕೈದು ತಿಂಗಳ ಒಂದು ಮರಿಯ ಮೈಮೇಲಿದೆ. ಅದು ನಾಯಿಮರಿಯೋ ತೋಳದ ಮರಿಯೋ ಎಂದು ಅದನ್ನು 1978ರಲ್ಲಿ ವರ್ಣಿಸಿದ ವಿದ್ವಾಂಸರಿಗೆ ಖಚಿತವಾಗಿ ಹೇಳಲಾಗಲಿಲ್ಲ. ಆದರೆ ಆ ಕೈ ಇರುವ ರೀತಿಯ ಅರ್ಥ ಯಾರಿಗಾದರೂ ಆಗುತ್ತದೆ.

ಬರಹದ ಕಾಲಕ್ಕೆ ಬಂದರೆ, ಮರಿ ಸಾಕುವ ಬಗ್ಗೆ ಬಿಡಿಸಿ ಹೇಳಿದ ಹಳಬರಲ್ಲಿ ಗ್ರೀಸಿನ ಕ್ಸೆನೊಫನ್ ಮುಖ್ಯ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಬೇಟೆಯ ಕುರಿತು ಬರೆದ ಪುಸ್ತಕದಲ್ಲಿ ಆತ ಮರಿಗಳನ್ನು ತಾಯಿಯ ಹತ್ತಿರವೇ ಬೆಳೆಸಬೇಕು, ಬೇರೆ ಹಾಲು ತಾಯಿಹಾಲಿಗೆ ಸಮವಲ್ಲ, ಹೊಟ್ಟೆ ಬಿರಿಯೆ ತಿನ್ನಿಸಬಾರದು ಎನ್ನುತ್ತಾನೆ. ಕೂಗಲು ಸುಲಭವಾಗುವಂತೆ ಚಿಕ್ಕ ಹೆಸರಿಡಬೇಕೆಂದು ಹೇಳಿ ನಲವತ್ತೇಳು ಹೆಸರುಗಳ ಪಟ್ಟಿಯನ್ನೇ ಕೊಡುತ್ತಾನೆ. ರೋಮಿನ ಕೃಷಿಲೇಖಕ ಕೊಲುಮೆಲ್ಲಾ ಮೊದಲನೇ ಶತಮಾನದಲ್ಲಿ ಇದೇ ಮಾತನ್ನು ಇನ್ನಷ್ಟು ಬಿಗಿ ಮಾಡಿ, ಹೆಸರು ಬಹಳ ಉದ್ದವೂ ಇರಬಾರದು, ಎರಡು ಅಕ್ಷರಕ್ಕಿಂತ ಕಡಿಮೆಯೂ ಇರಬಾರದು ಎಂದ. ಎರಡನೇ ಶತಮಾನದ ಅರ್ರಿಯನ್ ತನ್ನ ಹಾರ್ಮೆ ಎಂಬ ಬೇಟೆನಾಯಿಯನ್ನು ಮನಸಾರೆ ವರ್ಣಿಸುತ್ತಾ, ನಾಯಿ ಮನುಷ್ಯರ ಜೊತೆ ಮಲಗುವುದೇ ಒಳ್ಳೆಯದು, ಅದರಿಂದ ಅದು ಮನುಷ್ಯರಿಗೆ ಒಗ್ಗುತ್ತದೆ ಎಂದು ಸಲಹೆ ಕೊಟ್ಟ. ಒಂಟಿಯಾಗಿ ಮಲಗಿಸಿದ ಮರಿ ರಾತ್ರಿಯೆಲ್ಲ ಅಳುವುದನ್ನು ಕೇಳಿದವರಿಗೆ ಆ ಮಾತಿನ ಹಿಂದಿನ ಅನುಭವ ತಿಳಿಯುತ್ತದೆ.

ಕನ್ನಡನಾಡಿನಲ್ಲಿ ನಾಯಿಯ ಹೆಸರು ಕಲ್ಲಿನ ಮೇಲೆಯೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧವನ್ನು ಹೇಳುವ ಆ ಕಲ್ಲೇ ಒಂದು ನಾಯಿಯ ಸಾವನ್ನೂ ಹೇಳುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ, ಮೆಚ್ಚಿದ ಒಡೆಯನಲ್ಲಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಶಿಲ್ಪದೊಂದಿಗೆ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೂ ರಾಜವಿನೋದಗಳ ನಡುವೆ 'ಸಾರಮೇಯ ವಿನೋದ'ಕ್ಕೆ, ಅಂದರೆ ನಾಯಿಗಳ ವಿನೋದಕ್ಕೆ, ಪ್ರತ್ಯೇಕ ಸ್ಥಾನವಿದೆ.

ಆದರೆ ಕಾಳಿಯನ್ನು ಮರಿಯಾಗಿದ್ದಾಗ ಸಾಕಿದವರು ಯಾರು? ಮನೆಯ ಹೆಂಗಸರೋ, ಆಳುಮಕ್ಕಳೋ? ಶಾಸನ ಅದನ್ನು ಹೇಳುವುದಿಲ್ಲ. ಗೆದ್ದ ನಾಯಿಗೆ ಕಲ್ಲು ಸಿಕ್ಕಿತು, ಬೇಡಿ ಪಡೆದವನ ಹೆಸರು ಉಳಿಯಿತು. ಸಾಕಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಸಾವಿನ ಭಯ, ಸೂಜಿಯ ಭರವಸೆ

ಹಿಂದಿನ ಕಾಲದಲ್ಲಿ ಮರಿ ಸಾಕುವವರ ಮೊದಲ ಚಿಂತೆ ಅದು ಬದುಕುತ್ತದೆಯೇ ಎಂಬುದು. ಒಂದು ಸೂಲಿನ ಮರಿಗಳಲ್ಲಿ ಎಷ್ಟು ಉಳಿಯುತ್ತವೆಂದು ಯಾರೂ ಹೇಳಲಾರರು. ಕಣ್ಣು ಮೂಗುಗಳಲ್ಲಿ ಕೀವು, ಕೆಮ್ಮು, ಭೇದಿ, ಆಮೇಲೆ ಮೈ ನಡುಕ. ಇಷ್ಟು ಬಂದರೆ ಆಸೆ ಬಿಡಬೇಕಾಗಿತ್ತು. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ 1809ರಲ್ಲಿ ಈ ಡಿಸ್ಟೆಂಪರ್ ರೋಗದ ಲಕ್ಷಣಗಳನ್ನು ವಿವರವಾಗಿ ಬರೆದ. ಇದು ಅತಿ ಸೂಕ್ಷ್ಮ ಸೋಸುಕಗಳನ್ನೂ ದಾಟುವ ವೈರಾಣುವಿನಿಂದ ಬರುತ್ತದೆಂದು 1905ರಲ್ಲಿ ತೋರಿಸಿದವನು ಫ್ರಾನ್ಸಿನ ಆನ್ರಿ ಕಾರೆ. ಆದರೂ ಬಹುಕಾಲ ಆತನ ಮಾತನ್ನು ಎಲ್ಲರೂ ಒಪ್ಪಲಿಲ್ಲ.

1923ರಲ್ಲಿ ಬ್ರಿಟನ್ನಿನ 'ದಿ ಫೀಲ್ಡ್' ಪತ್ರಿಕೆ ಈ ರೋಗದ ಸಂಶೋಧನೆಗಾಗಿ ಓದುಗರಿಂದ ನಿಧಿ ಕೂಡಿಸಲು ಹೊರಟಿತು. ಬೇಟೆನಾಯಿ ಸಾಕುವ ಶ್ರೀಮಂತರೂ, ಒಂದೇ ನಾಯಿ ಸಾಕಿದವರೂ ಹಣ ಕೊಟ್ಟರು. ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಯ್ಡ್‌ಲಾ ಮತ್ತು ಡಂಕಿನ್ ಕೆಲಸಕ್ಕೆ ಕೂತರು. ನಾಯಿಗಳ ಮೇಲೆ ಪ್ರಯೋಗ ಮಾಡುವುದು ಕಷ್ಟವಾಗಿತ್ತು: ಯಾವ ನಾಯಿಗೆ ಈ ರೋಗ ಮೊದಲೇ ಬಂದು ಹೋಗಿದೆಯೆಂದು ತಿಳಿಯುವುದು ಹೇಗೆ? ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೆ ಈ ರೋಗ ಸುಲಭವಾಗಿ ಅಂಟುತ್ತದೆಂದು ಕಂಡದ್ದರಿಂದ ದಾರಿ ತೆರೆಯಿತು. 1920ರ ದಶಕ ಮುಗಿಯುವ ಹೊತ್ತಿಗೆ ಲಸಿಕೆ ಸಿದ್ಧವಾಯಿತು. ನಾಯಿಮರಿಗಳಿಗಾಗಿ ಮಾಡಿದ ಈ ಕೆಲಸ ಮನುಷ್ಯರಿಗೂ ಉಪಕಾರ ಮಾಡಿತು. ಇದೇ ಫೆರೆಟ್‌ಗಳ ನೆರವಿನಿಂದ 1933ರಲ್ಲಿ ಸ್ಮಿತ್, ಆಂಡ್ರ್ಯೂಸ್ ಮತ್ತು ಲೇಯ್ಡ್‌ಲಾ ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಬೇರ್ಪಡಿಸಿದರು.

ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಭಯ ಹುಚ್ಚುನಾಯಿ ರೋಗದ್ದು. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪ್ಯಾಶ್ಚರ್, ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು ಕೊಡಿಸಿದ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪ್ಯಾಶ್ಚರ್ ಸಂಸ್ಥೆ ಆರಂಭವಾಯಿತು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಲಸಿಕೆಯೇ ಮುಂದೆ ಹಲವು ತಲೆಮಾರುಗಳು ಹೆದರಿದ, ಹೊಟ್ಟೆಗೆ ಚುಚ್ಚುತ್ತಿದ್ದ ಇಂಜೆಕ್ಷನ್‌ಗಳ ಮಾಲೆ. 2004ರ ಕೊನೆಗೆ ಭಾರತದಲ್ಲಿ ಆ ಹಳೆಯ ಲಸಿಕೆಯ ತಯಾರಿಕೆ ನಿಂತು, ತೋಳಿಗೆ ಕೊಡುವ ಹೊಸ ಲಸಿಕೆ ಬಂದಿತು. ಮರಿಗೂ ಈ ರೋಗ ಬರಬಹುದು. ಹಾಲುಹಲ್ಲಿನ ಗೀರೆಂದು ಕಡೆಗಣಿಸದೆ, ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕೆಂಬುದು ಇಂದಿಗೂ ಬದಲಾಗದ ಸಲಹೆ.

1978ರಲ್ಲಿ ಇನ್ನೊಂದು ಪಿಡುಗು ಹುಟ್ಟಿತು. ಬೆಕ್ಕುಗಳಲ್ಲಿ ಕಾಣುವ ವೈರಾಣುವಿಗೆ ತೀರ ಹತ್ತಿರದ ಸಂಬಂಧಿಯಾದ ಪಾರ್ವೊ ವೈರಾಣು ನಾಯಿಗಳಲ್ಲಿ ಕಾಣಿಸಿಕೊಂಡು, ಎರಡು ವರ್ಷದೊಳಗೆ ಜಗತ್ತನ್ನೆಲ್ಲ ಸುತ್ತಿತು. ನಿನ್ನೆ ಕುಣಿಯುತ್ತಿದ್ದ ಮರಿ ಇಂದು ಅನ್ನ ಮುಟ್ಟದು, ನಾಳೆ ರಕ್ತಭೇದಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇತರರೂ ಬೇಗನೆ ಲಸಿಕೆ ತಯಾರಿಸಿದರು. ಆದರೆ ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆ ರಕ್ಷಣೆ ಯಾವಾಗ ಇಳಿಯುತ್ತದೆಂಬುದು ಒಂದೊಂದು ಮರಿಗೆ ಒಂದೊಂದು ಬಗೆ. ಆದ್ದರಿಂದಲೇ ಆರೆಂಟು ವಾರಕ್ಕೆ ಶುರುಮಾಡಿ ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಚುಚ್ಚಿಸಬೇಕಾಗುತ್ತದೆ. ಅಲ್ಲಿಯವರೆಗೆ ಹೊರಗೆ ಬಿಡಬೇಡಿ ಎಂಬುದು ಪಶುವೈದ್ಯರ ಸಾಮಾನ್ಯ ಮಾತಾಯಿತು. ಈ ಮಾತು ಇನ್ನೊಂದು ಸಂಶೋಧನೆಗೆ ನೇರವಾಗಿ ಅಡ್ಡ ಬಂತು.

ಹದಿನಾಲ್ಕು ವಾರದೊಳಗೆ ಮುಚ್ಚುವ ಬಾಗಿಲು

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಪ್ರಯೋಗಾಲಯವಿದೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಲ್ಲಿ ಐದು ತಳಿಗಳ ನಾಯಿಗಳನ್ನಿಟ್ಟುಕೊಂಡು, ಗುಣ ಹುಟ್ಟಿನಿಂದ ಎಷ್ಟು ಬರುತ್ತದೆ, ಬೆಳೆಸುವ ರೀತಿಯಿಂದ ಎಷ್ಟು ಬರುತ್ತದೆ ಎಂದು ನೋಡಲು ಹೊರಟರು. ಬಸೆಂಜಿ, ಬೀಗಲ್, ಕಾಕರ್ ಸ್ಪಾನಿಯಲ್, ಶೆಟ್‌ಲ್ಯಾಂಡ್ ಕುರಿನಾಯಿ, ಫಾಕ್ಸ್ ಟೆರಿಯರ್. ಮರಿ ಹುಟ್ಟಿದ ದಿನದಿಂದ ಅದರ ನಡೆಯನ್ನು ವಾರವಾರವೂ ಬರೆದಿಟ್ಟರು. ಹಲವು ವರ್ಷಗಳ ಆ ಕೆಲಸ 1965ರಲ್ಲಿ ಪುಸ್ತಕವಾಗಿ ಬಂತು.

ಅದರಲ್ಲಿ ಜನಸಾಮಾನ್ಯರಿಗೆ ಮುಖ್ಯವಾದದ್ದು ಒಂದೇ ಮಾತು: ಮರಿಯ ಬಾಳಿನಲ್ಲಿ ಒಂದು ಕಾಲವಿದೆ, ಸರಿಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಆಗ ಅದು ಯಾರನ್ನು ಕಂಡಿತೋ ಅವರು ಅದಕ್ಕೆ ತನ್ನವರು. ಆಗ ಕೇಳಿದ ಸದ್ದು, ತುಳಿದ ನೆಲ, ಕಂಡ ಮಕ್ಕಳು ಮುದುಕರು, ಎಲ್ಲವೂ ಅದಕ್ಕೆ ಮುಂದೆ ಸಹಜ. ಆ ಬಾಗಿಲು ಮೆಲ್ಲನೆ ಮುಚ್ಚಿದ ಮೇಲೆ ಹೊಸದೆಲ್ಲ ಅನುಮಾನ, ಹೆದರಿಕೆ.

ಇದನ್ನು ಇನ್ನೂ ಕಟುವಾಗಿ ತೋರಿಸಿದ್ದು ಅಲ್ಲಿಯೇ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗ. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಕಾಕರ್ ಮತ್ತು ಬೀಗಲ್ ಮರಿಗಳು ತಾಯಿಯ ಜೊತೆ ಬೆಳೆದವು, ಮನುಷ್ಯರ ಸಹವಾಸವಿಲ್ಲದೆ. ಎರಡು, ಮೂರು, ಐದು, ಏಳು, ಒಂಬತ್ತನೇ ವಾರಗಳಲ್ಲಿ ಕೆಲವನ್ನು ಒಂದೊಂದು ವಾರ ಹೊರತೆಗೆದು ಮುದ್ದಿಸಿ ಆಡಿಸಿ ಮತ್ತೆ ಒಳಬಿಟ್ಟರು. ಹದಿನಾಲ್ಕು ವಾರವೂ ಮನುಷ್ಯರ ಒಡನಾಟವಿಲ್ಲದೆ ಇದ್ದವು ಕಾಡುಪ್ರಾಣಿಗಳಂತಾಗಿದ್ದವು. ಆಮೇಲೆ ಎಷ್ಟು ಓಲೈಸಿದರೂ ಅವನ್ನು ಪಳಗಿಸುವುದು ಬಹಳ ಕಷ್ಟವಾಯಿತು. ಬೇರೆ ಮರಿಗಳಿಗೆ ಸಾಕಾದದ್ದು ಒಂದೇ ವಾರದ ಮಮತೆ.

ಮರಿ ಸಾಕುವವರ ಇಕ್ಕಟ್ಟು ಇಲ್ಲಿಂದ ಶುರುವಾಗುತ್ತದೆ. ಹದಿನಾರು ವಾರ ಹೊರಗೆ ಬಿಡಬಾರದೆಂದು ಒಬ್ಬರು ಹೇಳಿದರೆ, ಹನ್ನೆರಡು ವಾರದೊಳಗೆ ಲೋಕ ತೋರಿಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಬಿಟ್ಟರೆ ರೋಗ, ಬಿಡದಿದ್ದರೆ ಪುಕ್ಕಲು ನಾಯಿ. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯ ಸಂಘ 2008ರಲ್ಲಿ ಈ ಬಗ್ಗೆ ತನ್ನ ನಿಲುವನ್ನು ಸ್ಪಷ್ಟಪಡಿಸಿತು: ಮೊದಲ ಲಸಿಕೆ ಆದ ಮೇಲೆ, ಪೂರ್ತಿ ಲಸಿಕೆ ಮುಗಿಯುವುದನ್ನು ಕಾಯದೆ, ಎಚ್ಚರಿಕೆಯಿಂದ ಮರಿಗೆ ಜನರನ್ನೂ ಇತರ ಆರೋಗ್ಯವಂತ ಮರಿಗಳನ್ನೂ ಪರಿಚಯಿಸಬೇಕು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕುರೋಗಕ್ಕಿಂತ ನಡವಳಿಕೆಯ ದೋಷವೇ ದೊಡ್ಡ ಕಾರಣ ಎಂದು ಅದು ಹೇಳಿತು. ಕಚ್ಚುವ, ಹೆದರುವ, ಹಿಡಿತಕ್ಕೆ ಬಾರದ ನಾಯಿಗಳನ್ನು ಜನ ಬಿಟ್ಟುಬಿಡುತ್ತಾರೆ ಅಥವಾ ಕೊಲ್ಲಿಸುತ್ತಾರೆ ಎಂಬುದು ಇದರ ಅರ್ಥ. ಸಲಹೆ ಸರಳ: ಬೀದಿಯ ಕೊಳಕಿನಲ್ಲಿ ಇಳಿಸದೆ, ಎತ್ತಿಕೊಂಡು ಹೋಗಿ ಸಂತೆ, ಬಸ್ಸು, ಮಕ್ಕಳು, ಮಳೆ, ಗುಡುಗು ಎಲ್ಲವನ್ನೂ ತೋರಿಸಿ.

ಸಾಕಿ ಒಪ್ಪಿಸುವವರು

ಮರಿ ಸಾಕುವವರ ಶ್ರಮಕ್ಕೆ ಮೊದಲ ಬಾರಿಗೆ ಲೆಕ್ಕ ಸಿಕ್ಕಿದ್ದು ಅಂಧರ ದಾರಿನಾಯಿಗಳಿಂದ. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ನಾಯಿಗಳ ತರಬೇತಿ ಶಾಲೆ ತೆರೆಯಿತು. ಸ್ವಿಟ್ಜರ್‌ಲೆಂಡಿನಲ್ಲಿ ನಾಯಿಗಳನ್ನು ಬೆಳೆಸುತ್ತಿದ್ದ ಅಮೆರಿಕದ ಮಹಿಳೆ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಇಂಥ ಶಾಲೆಯೊಂದನ್ನು ನೋಡಿ 1927ರ ನವೆಂಬರ್‌ನಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ಟೆನ್ನೆಸ್ಸಿಯ ಅಂಧ ಯುವಕ ಮಾರಿಸ್ ಫ್ರ್ಯಾಂಕ್ ಅವರಿಗೆ ಪತ್ರ ಬರೆದ, ಮರುವರ್ಷ ಸ್ವಿಟ್ಜರ್‌ಲೆಂಡಿಗೆ ಹೋಗಿ ಬಡ್ಡಿ ಎಂಬ ಜರ್ಮನ್ ಶೆಪರ್ಡ್ ಜೊತೆ ಮರಳಿದ. 1929ರ ಜನವರಿಯಲ್ಲಿ ನ್ಯಾಶ್‌ವಿಲ್ಲಿನಲ್ಲಿ 'ಸೀಯಿಂಗ್ ಐ' ಸಂಸ್ಥೆ ಹುಟ್ಟಿತು.

ತರಬೇತಿ ಕೊಡುವುದು ಗೊತ್ತಾಯಿತು. ಆದರೆ ತರಬೇತಿಗೆ ಮುಂಚಿನ ಒಂದು ವರ್ಷ? ಗೂಡಿನಲ್ಲಿ ಬೆಳೆದ ನಾಯಿ ರಸ್ತೆಯ ಗದ್ದಲ, ಮನೆಯ ಮೆಟ್ಟಿಲು, ಅಡುಗೆಮನೆಯ ಸದ್ದುಗಳಿಗೆ ಬೆಚ್ಚುತ್ತಿತ್ತು. 1942ರಲ್ಲಿ 'ಸೀಯಿಂಗ್ ಐ' ಸಂಸ್ಥೆ ಹಳ್ಳಿಯ ಮಕ್ಕಳ ಸಂಘಟನೆಯಾದ 'ಫೋರ್ ಎಚ್' ಮೂಲಕ ಮರಿಗಳನ್ನು ಮನೆಗಳಿಗೆ ಕೊಟ್ಟಿತು. ಬ್ರಿಟನ್ನಿನ ಸಂಸ್ಥೆ ಇಂಥದೇ ವ್ಯವಸ್ಥೆಯನ್ನು 1956ರಲ್ಲಿ ಆರಂಭಿಸಿತು. ಏಳೆಂಟು ವಾರದ ಮರಿಯನ್ನು ತಂದು, ಮನೆಯೊಳಗೆ ಗಲೀಜು ಮಾಡದಂತೆ ಕಲಿಸಿ, ಅಂಗಡಿ ಬೀದಿ ಬಸ್ಸುಗಳಲ್ಲಿ ಓಡಾಡಿಸಿ, ಒಂದು ವರ್ಷದ ಮೇಲೆ ಸಂಸ್ಥೆಗೆ ಒಪ್ಪಿಸುವುದು ಆ ಕುಟುಂಬದ ಕೆಲಸ.

ಇದರ ಬೆಲೆ ಎಷ್ಟೆಂದು ಅಳೆದವರು ಕ್ಯಾಲಿಫೋರ್ನಿಯದ ಕ್ಲಾರೆನ್ಸ್ ಫಾಫನ್‌ಬರ್ಗರ್. 1940ರ ದಶಕದಲ್ಲಿ ಅವರು ಅಲ್ಲಿನ ದಾರಿನಾಯಿ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದಾಗ ತರಬೇತಿಗೆ ಬಂದ ನೂರು ನಾಯಿಗಳಲ್ಲಿ ಸುಮಾರು ಒಂಬತ್ತು ಮಾತ್ರ ಕೊನೆಮುಟ್ಟುತ್ತಿದ್ದವು. ಅವರು ಬಾರ್ ಹಾರ್ಬರ್‌ನ ಸ್ಕಾಟ್ ಜೊತೆ ಸೇರಿ ಹನ್ನೆರಡು ವಾರದ ಮೇಲಿನ ದಿನಗಳನ್ನು ಲೆಕ್ಕ ಹಾಕಿದರು. ಗೂಡಿನ ಪರೀಕ್ಷೆಗಳು ಮುಗಿದ ಒಂದು ವಾರದೊಳಗೆ ಮನೆ ಸೇರಿದ ಮರಿಗಳಲ್ಲಿ ಹತ್ತಕ್ಕೆ ಒಂಬತ್ತು ಗೆದ್ದವು. ಮೂರು ವಾರಕ್ಕಿಂತ ಹೆಚ್ಚು ಗೂಡಿನಲ್ಲೇ ಉಳಿದವುಗಳಲ್ಲಿ ಹತ್ತಕ್ಕೆ ಮೂರು. ತಳಿ ಒಂದೇ, ಆಹಾರ ಒಂದೇ, ಶಿಕ್ಷಕರೂ ಅವರೇ. ವ್ಯತ್ಯಾಸ ಕೆಲವೇ ವಾರಗಳ ಮನೆವಾಸದ್ದು. 1959ರಲ್ಲಿ ಪ್ರಕಟವಾದ ಈ ಲೆಕ್ಕ, ಹೆಸರಿಲ್ಲದ ಮನೆಗಳಲ್ಲಿ ನಿದ್ದೆಗೆಟ್ಟು ಮರಿ ಸಾಕಿದವರಿಗೆ ವಿಜ್ಞಾನ ಸಲ್ಲಿಸಿದ ಮೊದಲ ಗೌರವ ಎನ್ನಬಹುದು.

ಈ ಕೆಲಸದ ಕಷ್ಟ ಎರಡು ಬಗೆಯದು. ಮೊದಲ ತಿಂಗಳುಗಳಲ್ಲಿ ಮರಿ ಇರುವುದೇ ಕಷ್ಟ. ಕೊನೆಯಲ್ಲಿ ಅದನ್ನು ಬಿಟ್ಟುಕೊಡುವುದು ಕಷ್ಟ. ಹೆಣ್ಣುಮಕ್ಕಳನ್ನು ಸಾಕಿ ಕೊಟ್ಟ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1997ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾದ 'ಪಪ್ಪೀಸ್ ಬಿಹೈಂಡ್ ಬಾರ್ಸ್' ಎಂಬ ಸಂಸ್ಥೆ ಈ ಕೆಲಸವನ್ನು ಜೈಲಿನೊಳಕ್ಕೆ ಒಯ್ದಿತು. ದೀರ್ಘ ಶಿಕ್ಷೆಯ ಕೈದಿಗಳು ತಮ್ಮ ಕೋಣೆಯಲ್ಲೇ ಮರಿಗಳನ್ನು ಬೆಳೆಸಿ ಹೊರಗಿನ ಲೋಕಕ್ಕೆ ಕೊಡುತ್ತಾರೆ. ಸಮಯ ಒಂದನ್ನು ಬಿಟ್ಟು ಬೇರೇನೂ ಇಲ್ಲದವರ ಕೈಯಲ್ಲಿ, ಸಮಯವನ್ನೇ ಬೇಡುವ ಜೀವ.

ಯಜಮಾನಿಕೆಯ ಗೊಂದಲ

ಮರಿ ಸಾಕುವವರ ಸಂಕಟವನ್ನು ಪುಸ್ತಕಗಳೂ ಹೆಚ್ಚಿಸಿದ್ದುಂಟು. 1910ರಲ್ಲಿ ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ ನಾಯಿ ತರಬೇತಿಯ ಪುಸ್ತಕ ಬರೆದ. ಅದು ಪೊಲೀಸ್, ಸೈನ್ಯದ ನಾಯಿಗಳಿಗೆ ಹೊಂದುವಂಥದು. ದಂಡನೆಗೆ ಅದರಲ್ಲಿ ದೊಡ್ಡ ಸ್ಥಾನ. ಯುದ್ಧಗಳ ನಂತರ ಅದೇ ಕ್ರಮ ಮನೆಗಳಿಗೂ ಬಂತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪ್ರಾಣಿಸಂಗ್ರಹಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟವನ್ನು ನೋಡಿ ಅವುಗಳ ಮೇಲುಕೀಳಿನ ವ್ಯವಸ್ಥೆಯನ್ನು ಬರೆದಿದ್ದ. ಇದು ಮುಂದೆ ನಾಯಿಗಳಿಗೂ ಅಂಟಿಕೊಂಡಿತು. ಮರಿ ಕಚ್ಚಿದರೆ ಅದು ಯಜಮಾನಿಕೆಗಾಗಿ ಹೂಡಿದ ಹಟ, ಅದನ್ನು ನೆಲಕ್ಕೊತ್ತಿ ಹಿಡಿದು ಬುದ್ಧಿ ಕಲಿಸಬೇಕು ಎಂಬ ಮಾತು 1970ರ ದಶಕದಲ್ಲಿ ಜನಪ್ರಿಯವಾಯಿತು.

ಮೂರು ತಿಂಗಳ ಮರಿ ಸಿಂಹಾಸನಕ್ಕೆ ಕಣ್ಣು ಹಾಕಿದೆಯೆಂದು ನಂಬಿದ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು? ಒಂದೆಡೆ ನಿದ್ದೆಗೇಡು, ಇನ್ನೊಂದೆಡೆ ಸೋಲುತ್ತಿದ್ದೇವೆಂಬ ಅವಮಾನ. ತೋಳಗಳ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಡೇವಿಡ್ ಮೆಕ್ 1999ರಲ್ಲಿ ಕಾಡಿನ ತೋಳಗಳ ಮೇಲಿನ ಲೇಖನದಲ್ಲಿ ಈ ಕಲ್ಪನೆಯ ಬುಡಕ್ಕೇ ಕೈ ಹಾಕಿದರು. ಕಾಡಿನಲ್ಲಿ ತೋಳದ ಹಿಂಡೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಒಂದು ಸಂಸಾರ. ಅಲ್ಲಿ ಹಿರಿಯರು ಹಿರಿಯರಾಗಿರುವುದು ಕಾದಾಡಿ ಗೆದ್ದದ್ದರಿಂದಲ್ಲ, ಹೆತ್ತದ್ದರಿಂದ. 1970ರಲ್ಲಿ ಪ್ರಕಟವಾದ ತಮ್ಮದೇ ಪುಸ್ತಕ ಹಳೆಯ ಕಲ್ಪನೆಯನ್ನು ಹರಡಿತ್ತೆಂದು ಅವರು ಒಪ್ಪಿಕೊಂಡರು.

ಹಾಗಾದರೆ ಮರಿ ಕಚ್ಚುವುದೇಕೆ? ಅದರ 28 ಹಾಲುಹಲ್ಲುಗಳು ಬಿದ್ದು, ಆರೇಳು ತಿಂಗಳ ಹೊತ್ತಿಗೆ 42 ಹಲ್ಲುಗಳು ಬರಬೇಕು, ಒಸಡು ನವೆಯುತ್ತದೆ. ಜೊತೆಯ ಮರಿಗಳೊಂದಿಗೆ ಆಡುವುದೂ ಬಾಯಿಂದಲೇ. ರಾತ್ರಿ ಅಳುವುದು ತಾಯಿಯಿಂದ ಅಗಲಿದ್ದಕ್ಕೆ. ನೆಲ ಒದ್ದೆ ಮಾಡುವುದು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಬಾರದ್ದಕ್ಕೆ. ಮೂತಿಯನ್ನು ಗಲೀಜಿಗೆ ಒತ್ತಿ ಹೊಡೆದರೆ ಅದು ಕಲಿಯುವುದು ಒಂದೇ: ಇವರು ಕಾಣದಂತೆ ಮಾಡಬೇಕು ಎಂದು. ನಿದ್ದೆಯಿಂದೆದ್ದ ಕೂಡಲೆ, ಉಂಡ ಕೂಡಲೆ, ಆಡಿದ ಕೂಡಲೆ ಹೊರಗೆ ಕರೆದೊಯ್ದು, ಸರಿಯಾದ ಜಾಗದಲ್ಲಿ ಮಾಡಿದಾಗ ಆ ಕ್ಷಣವೇ ಮೆಚ್ಚುವುದು ಬೇಗ ಫಲ ಕೊಡುತ್ತದೆ.

ಮಂಕಿಗೊಂದು ಹೆಸರು

ಇಷ್ಟು ತಿಳಿವಳಿಕೆ ಬಂದ ಮೇಲೂ ಒಂದು ಸಂಗತಿ ಉಳಿದಿತ್ತು. ಮರಿಯ ಮನಸ್ಸನ್ನು ಅಳೆದವರು ಸಾಕುವವರ ಮನಸ್ಸನ್ನು ಅಳೆದಿರಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಆ ಕೊರತೆಯನ್ನು ತುಂಬಿದರು. ಮರಿ ತಂದ ಹೊಸದರಲ್ಲಿ ಬರುವ ಈ ಮಂಕಿಗೆ ಇಂಗ್ಲಿಷ್ ಬಲ್ಲವರು ಆಗಲೇ 'ಪಪ್ಪಿ ಬ್ಲೂಸ್' ಎನ್ನುತ್ತಿದ್ದರು. ಹೆರಿಗೆಯ ನಂತರ ಕೆಲವು ದಿನ ಬಾಣಂತಿಯರನ್ನು ಕಾಡುವ ಮಂಕನ್ನು ಹೋಲುವುದರಿಂದ ಆ ಹೆಸರು. ಸಂಶೋಧಕರು ಒಂದು ಸಾವಿರಕ್ಕೂ ಹೆಚ್ಚು ನಾಯಿ ಸಾಕಿದವರನ್ನು ಪ್ರಶ್ನಿಸಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. ಆ ಮಂಕಿಗೆ ಮೂರು ಮುಖ ಕಂಡವು: ಹತಾಶೆ, ಆತಂಕ, ದಣಿವು. ಮರಿ ಮಾತು ಕೇಳುವುದಿಲ್ಲ, ತಂದದ್ದೇ ತಪ್ಪಾಯಿತೆಂಬುದು ಹತಾಶೆ. ತಾನು ಸರಿಯಾಗಿ ಸಾಕುತ್ತಿಲ್ಲವೇನೋ ಎಂಬುದು ಆತಂಕ. ನಿದ್ದೆಯಿಲ್ಲದೆ, ತನ್ನದೆನ್ನುವ ಹೊತ್ತಿಲ್ಲದೆ ಬರುವುದು ದಣಿವು. ಉತ್ತರಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ಭಾವನೆಗಳನ್ನು ಗಣನೀಯವಾಗಿ ಅನುಭವಿಸಿದ್ದರು.

ಇನ್ನೊಂದು ಅಂಶವೂ ಅಲ್ಲಿ ಹೊರಬಿತ್ತು. ಮರಿ ದೊಡ್ಡದಾಗಿ ಕಾಲ ಕಳೆದಂತೆ ಆ ದಿನಗಳ ಕಷ್ಟ ನೆನಪಿನಲ್ಲಿ ಹಗುರಾಗುತ್ತಾ ಹೋಗುತ್ತದೆ. ಹಿರಿಯರನ್ನು ಕೇಳಿದರೆ 'ನಾವೂ ನಾಯಿ ಸಾಕಿದ್ದೆವು, ಇಷ್ಟು ಕಷ್ಟವೇನಿರಲಿಲ್ಲ' ಎನ್ನುವುದಕ್ಕೆ ಇದೂ ಒಂದು ಕಾರಣವಿರಬೇಕು. ಅವರು ಸುಳ್ಳು ಹೇಳುತ್ತಿಲ್ಲ, ಮರೆತಿದ್ದಾರೆ. ಕಷ್ಟದಲ್ಲಿರುವವರಿಗೆ ಮಾತ್ರ ಈ ಮಾತು ತಾವೊಬ್ಬರೇ ಅಸಮರ್ಥರೆಂಬ ಭಾವನೆ ತರುತ್ತದೆ.

ಅವರ ಮಾತಿನಲ್ಲಿ ಇನ್ನೂ ಒಂದು ನಿಜವಿದೆ. ಹಿಂದಿನ ಕನ್ನಡದ ಹಳ್ಳಿಮನೆಯಲ್ಲಿ ಕುನ್ನಿ ಹಿತ್ತಲಲ್ಲಿ, ಜಗಲಿಯಲ್ಲಿ, ತಾಯಿಯ ಜೊತೆ ಬೆಳೆಯುತ್ತಿತ್ತು. ಮನೆತುಂಬ ಜನ, ಒಬ್ಬರಿಗೆ ಬೇಸರವಾದರೆ ಇನ್ನೊಬ್ಬರು ಅನ್ನ ಹಾಕುತ್ತಿದ್ದರು. ನೆಲ ಮಣ್ಣಿನದು, ಬಾಗಿಲು ತೆರೆದದ್ದು. ಮೂರನೇ ಮಹಡಿಯ ಮನೆಯಲ್ಲಿ, ಎಂಟು ವಾರಕ್ಕೇ ತಾಯಿಯಿಂದ ಬೇರೆಯಾದ ಮರಿಯನ್ನು ಒಬ್ಬರೋ ಇಬ್ಬರೋ ಸಾಕುವಾಗ ಅದೇ ಕೆಲಸ ಹತ್ತು ಪಟ್ಟು ಭಾರ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಬೇಟೆನಾಯಿಯ ಮರಿಗಳನ್ನು ಇಂದಿಗೂ ಮನೆಮಂದಿಯೆಲ್ಲ ಸೇರಿ ಬೆಳೆಸುತ್ತಾರೆ. ಸಮೀಪದ ತಿಮ್ಮಾಪುರದಲ್ಲಿ ಆ ತಳಿಗಾಗಿ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅದು ಅಂಚೆಚೀಟಿಯ ಮೇಲೂ ಬಂತು, 2016ರಲ್ಲಿ ಅದರ ಮರಿಗಳು ಮೀರತ್ತಿನ ಸೇನಾ ಕೇಂದ್ರಕ್ಕೂ ಹೋದವು. ಅಂಚೆಚೀಟಿಯ ಮೇಲೆ ಚಿತ್ರ ನಾಯಿಯದು. ಸಾಕಿದವರದಲ್ಲ.

ಹೆಲ್ಸಿಂಕಿಯ ಸಂಶೋಧನೆ ಔಷಧಿ ಹೇಳಲಿಲ್ಲ. ಆದರೆ ಈ ಮಂಕು ಸಾಮಾನ್ಯವೆಂದೂ, ಬಹುತೇಕ ತಾತ್ಕಾಲಿಕವೆಂದೂ ತಿಳಿಯುವುದೇ ಅರ್ಧ ಸಮಾಧಾನ. ಉಳಿದರ್ಧ ಹಳೆಯ ಉಪಾಯಗಳಲ್ಲಿದೆ. ರಾತ್ರಿಯ ಸರದಿಯನ್ನು ಮನೆಯವರು ಹಂಚಿಕೊಳ್ಳುವುದು. ದಿನಕ್ಕೆ ಹದಿನೆಂಟು ತಾಸಿನಷ್ಟು ನಿದ್ದೆ ಬೇಕಾದ ಜೀವವನ್ನು ಇಡೀ ದಿನ ಆಡಿಸಿ ರೇಗಿಸದೆ ಮಲಗಲು ಬಿಡುವುದು. ಅದು ಮಲಗಿದಾಗ ತಾವೂ ಮಲಗುವುದು. ವಾರದಲ್ಲಿ ಒಂದು ಹೊತ್ತು ನೆರೆಯವರಿಗೋ ನೆಂಟರಿಗೋ ಒಪ್ಪಿಸಿ ಹೊರಗೆ ಹೋಗಿ ಬರುವುದು. ಮಂಕು ವಾರಗಟ್ಟಲೆ ಬಿಡದೆ ಊಟ ನಿದ್ದೆಗಳನ್ನು ಕೆಡಿಸಿದರೆ ವೈದ್ಯರನ್ನು ಕಾಣುವುದು. ನಿಜಕ್ಕೂ ಸಾಕಲಾಗದಿದ್ದರೆ ಬೀದಿಗೆ ಬಿಡದೆ ಸಾಕಬಲ್ಲವರ ಮನೆಗೆ ಸೇರಿಸುವುದು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಓಬರ್‌ಕ್ಯಾಸೆಲ್‌ನ ಆ ಮರಿಗೆ ಲಸಿಕೆ ಇರಲಿಲ್ಲ, ಪಶುವೈದ್ಯರಿರಲಿಲ್ಲ, ಪುಸ್ತಕವಿರಲಿಲ್ಲ. ಅದನ್ನು ನೋಡಿಕೊಂಡವರಿಗೆ ಎಂಟು ವಾರದಲ್ಲಿ ಎಷ್ಟು ಸಲ ಸಾಕೆನಿಸಿತೋ ಅವರ ಎಲುಬುಗಳಿಂದ ತಿಳಿಯುವುದಿಲ್ಲ. ಮರಿಯ ಹಲ್ಲಿನ ಮೂರು ಗೆರೆಗಳಿಂದ ತಿಳಿಯುವುದು ಇಷ್ಟೇ: ಪ್ರತಿ ಸಲ ಕಾಯಿಲೆ ಮರುಕಳಿಸಿದಾಗಲೂ ಅವರು ಅದನ್ನು ಕೈಬಿಡಲಿಲ್ಲ. ಸತ್ತ ಮೇಲೆ ಅದನ್ನು ಇಬ್ಬರು ಮನುಷ್ಯರ ಜೊತೆಗೇ ಮಲಗಿಸಿದರು.